ಫಲಕದ ಮರಾಠಿ ಅರ್ಧ

ಚಿಕ್ಕೋಡಿ
೧೦ ಫೆಬ್ರವರಿ ೨೦೧೪

ಪ್ರೀತಿಯ ಕೋಮಲ,

ಈ ಪತ್ರ ನಾನು ಬರೆಯಬಾರದಿತ್ತು. ಗೊತ್ತಿದ್ದೂ ಬರೆಯುತ್ತಿದ್ದೇನೆ, ಅದಕ್ಕೇ ಎಲ್ಲಕ್ಕಿಂತ ಮೊದಲು ಸಾರಿ. ನಿಮ್ಮ ಅಣ್ಣಾಸಾಬ ಕಾಕಾ ನಮ್ಮ ಮನೆ ಮುಂದೆ ಬೈಕು ನಿಲ್ಲಿಸಿ, ಕೆಳಗೆ ಇಳಿಯದೆಯೇ ಅವ್ವನಿಗೆ ಹೇಳಿಹೋಗಿದ್ದಾರೆ: "ನಿಮ್ಮ ಹುಡಿಗಿಗೆ ಹೇಳ್ರಿ, ನಮ್ಮ ಕೋಮಲನ ಸುದ್ದಿಗೆ ಬರೂದ ಬ್ಯಾಡ. ಫೋನ್ ಬ್ಯಾಡ, ಮೆಸೇಜ್ ಬ್ಯಾಡ." ಪತ್ರ ಬೇಡ ಎಂದು ಅವರು ಹೇಳಲಿಲ್ಲ. ಕಾನೂನು ಓದುವವರು ಇಂಥ ಸಂದಿಯಲ್ಲೇ ನುಸುಳಬೇಕಂತೆ. ನಾನಿನ್ನೂ ಮೊದಲ ವರ್ಷ, ಸಂದಿ ಸಣ್ಣದಿದ್ದರೂ ಹಾಯ್ದುಹೋಗುತ್ತೇನೆ ಅಂದುಕೊಂಡಿದ್ದೇನೆ.

ಮೂರು ವಾರ ತಡವಾದದ್ದಕ್ಕೂ ಕ್ಷಮಿಸು. ನಾಲ್ಕು ಸಲ ಶುರು ಮಾಡಿ ನಾಲ್ಕು ಸಲ ಹರಿದೆ. ಇಂಗ್ಲಿಷಿನಲ್ಲಿ ಬರೆದರೆ ಬೇಗ ಮುಗಿಯುತ್ತಿತ್ತು, ಆದರೆ ಹಾಸ್ಟೆಲಿನಲ್ಲಿ ಏಳು ವರ್ಷ ನಾವು ಉಪ್ಪಿನ ಡಬ್ಬಿ ಕೊಟ್ಟಿದ್ದಕ್ಕೂ ಥ್ಯಾಂಕ್ಸ್ ಅಂದು ಅಂದು ಆ ಮಾತು ಸವೆದುಹೋಗಿದೆ. ನಿನಗೆ ಹೇಳಬೇಕಾದದ್ದು ಅಷ್ಟು ಹಗುರದ್ದಲ್ಲ. ನನ್ನ ಕನ್ನಡ ಎಲ್ಲಾದರೂ ಸೊಟ್ಟಗಾದರೆ ನಕ್ಕು ಮುಂದೆ ಹೋಗು. ಹಾರೂಗೇರಿಯ ನಿಮ್ಮ ಸೋದರಮಾವನ ವಿಳಾಸ ನನ್ನ ಹಳೆಯ ಡೈರಿಯಲ್ಲಿತ್ತು. ನಿನ್ನನ್ನು ಅಲ್ಲಿಗೆ ಕಳಿಸಿದ್ದಾರೆಂದು, ಹೋದ ವಾರ ಊರಿಗೆ ಹೋದಾಗ, ಚಹಾದಂಗಡಿಯ ಬಾಳಾಸಾಬ ಮಾವ ಹೇಳಿದ. ನಿಪ್ಪಾಣಿಯ ನಿನ್ನ ಕಾಲೇಜಿಗೆ ಮತ್ತೆ ಬಿಡುತ್ತಾರೋ ಇಲ್ಲವೋ ಎಂದು ಕೇಳಿದರೆ ಅವನು ಚಹಾ ಸೋಸುತ್ತ, "ನನಗೇನ ಗೊತ್ತ ತಂಗಿ, ದೊಡ್ಡವರ ಮನಿ ಸುದ್ದಿ" ಅಂದ. ಅವನಿಗೆ ಗೊತ್ತಿಲ್ಲದ ಸುದ್ದಿ ನಮ್ಮೂರಲ್ಲಿ ಇಲ್ಲ ಅನ್ನುವುದು ನಿನಗೂ ಗೊತ್ತು. ಅದಕ್ಕೇ ನನಗೆ ಹೆದರಿಕೆ.

ನೀನು ನನ್ನ ಮೇಲೆ ಸಿಟ್ಟಾಗಿದ್ದೀಯೋ, ಇನ್ನೂ ನನ್ನ ಗೆಳತಿಯಾಗಿಯೇ ಇದ್ದೀಯೋ, ನನಗೆ ಅದೊಂದು ತಿಳಿಯಬೇಕು. ಅದು ತಿಳಿಯದೆ ಇಲ್ಲಿ ಊಟ ಸೇರುತ್ತಿಲ್ಲ.

ನಮ್ಮ ಮನೆಯ ಸುದ್ದಿ ಹೇಳುತ್ತೇನೆ. ನಮ್ಮ ಅಜ್ಜಿ ಸುಂದ್ರವ್ವ ಆಯಿಯ ಕೈ ಮೇಲಿನ ಗುಳ್ಳೆ ಒಣಗಿವೆ. ಅಂಗೈ ಇನ್ನೂ ಒರಟಾಗಿದೆ, ಆದರೆ ರೊಟ್ಟಿ ಬಡಿಯುತ್ತಾಳೆ. ಅಪ್ಪ ಕುಡಚಿ ಸ್ಟೇಷನ್ನಿನ ಗ್ಯಾಂಗಿನಲ್ಲೇ ಇದ್ದಾನೆ. ಮಗಳ ಮೇಲೆ ಕೇಸಾದರೆ ರೈಲ್ವೆಯವರು ನೌಕರಿ ತೆಗೆಯುತ್ತಾರೆಂದು ಯಾರೋ ಹೇಳಿ, ಪಾಪ, ಎರಡು ದಿನ ಮನೆಗೇ ಬರಲಿಲ್ಲ. ನಾನು ಅವನಿಗೆ ಫೋನಿನಲ್ಲಿ, ಹಾಗೆಲ್ಲ ತೆಗೆಯಲು ಬರುವುದಿಲ್ಲ ಅಂತ ಕಲಂ ಹೇಳಿ ತಿಳಿಸಿದೆ. ಅವನು ಎಲ್ಲ ಕೇಳಿ, "ಆತು, ಆದ್ರ ಇನ್ನ ಸುಮ್ನಿರು" ಅಂದ.

ನಡೆದದ್ದರಲ್ಲಿ ನಿನಗೆ ಅರ್ಧ ಗೊತ್ತು. ನೀನು ಠಾಣೆಗೆ ಬಂದದ್ದು ಕೊನೆಗೆ. ಅದಕ್ಕಿಂತ ಮೊದಲಿನದ್ದು ನಿಮ್ಮ ಮನೆಯಲ್ಲಿ ಯಾರು ಹೇಗೆ ಹೇಳಿದ್ದಾರೋ, ನನ್ನ ಕಡೆಯಿಂದಲೂ ಒಮ್ಮೆ ಕೇಳು.

ಸಂಕ್ರಾಂತಿಯ ರಜೆಗೆ ನಾನು ಊರಿಗೆ ಬಂದಾಗ ಆಯಿ ಎಳ್ಳು ಹಚ್ಚಿದ ಭಕ್ರಿಯನ್ನು ಕೈಯಲ್ಲಿ ಕೊಡಲಿಲ್ಲ, ತಾಟಿನಲ್ಲಿಟ್ಟು ಸರಿಸಿದಳು. ಯಾಕೆ ಅಂತ ಕೈ ಹಿಡಿದು ನೋಡಿದರೆ ಬೆರಳ ಸಂದಿಯೆಲ್ಲ ಸುಲಿದು ಕೆಂಪಾಗಿತ್ತು. ಹಳ್ಳದಲ್ಲಿ ಬಟ್ಟೆ ತೊಳೆಯುವ ನಮ್ಮ ಓಣಿಯ ಆರೇಳು ಹೆಂಗಸರಿಗೆ ಹಾಗೇ ಆಗಿತ್ತಂತೆ. "ಥಂಡಿಗಿ ಆಗೇತಿ" ಅಂದಳು ಆಯಿ. ನನಗೆ ತಟ್ಟನೆ ನೆನಪಾದದ್ದು ದೀಪಾವಳಿಯಲ್ಲಿ ನೀನು ತೋರಿಸಿದ್ದು. ನಿಮ್ಮ ಗಾಣದ ಹಿಂದೆ, ಕಬ್ಬಿನ ಒಣ ರವದಿಯ ಬಣವೆಯ ಕೆಳಗೆ ಹುಗಿದ ಆ ಪೈಪು. ಬೆಲ್ಲ ಹಳದಿಯಾಗಲಿ ಅಂತ ಹಾಕುವ ಪೌಡರಿನ ಸಮೇತ, ಕಡಾಯಿ ತೊಳೆದ ನೀರು ನೇರ ಹಳ್ಳಕ್ಕೆ ಹೋಗುತ್ತದೆ ಅಂತ ನೀನೇ ಮುಖ ಸಣ್ಣದು ಮಾಡಿಕೊಂಡು ಹೇಳಿದ್ದೆ. ಗಾಣ ಈಗ ಕಾಕಾನ ಕೈಯಲ್ಲಿದೆ, ರಾವಸಾಹೇಬ ಅಜ್ಜನಿಗೆ ಇದು ಗೊತ್ತಿಲ್ಲ ಅಂತಲೂ ಹೇಳಿದ್ದೆ.

ಅದೇ ಹೊತ್ತಿಗೆ ನನ್ನ ತಲೆಯಲ್ಲಿ ಸಮಾಧಾನ ಸರ್ ಅವರ ಪಾಠ ಕುದಿಯುತ್ತಿತ್ತು. ನಮಗೆ ಸಂವಿಧಾನ ಕಲಿಸುವವರು ಅವರೇ. ಹತ್ತೊಂಬತ್ತನೆಯ ಅನುಚ್ಛೇದ ತೆಗೆದು, ಮೊದಲ ಭಾಗದಲ್ಲಿ ಮಾತಾಡುವ ಸ್ವಾತಂತ್ರ್ಯ, ಎರಡನೆಯದರಲ್ಲಿ ಅದಕ್ಕೆ ಸಮಂಜಸವಾದ ನಿರ್ಬಂಧ ಎಂದು ಹೇಳಿ, "ಬಾಯಿ ಕೊಟ್ಟಾರ, ತುಟೀನೂ ಕೊಟ್ಟಾರ" ಅಂದು ತಾವೇ ನಕ್ಕರು. ನಾನು ಎದ್ದು, "ಸರ್, ಸಮಂಜಸ ಅಂದ್ರ ಯಾರಿಗಿ ಸಮಂಜಸ?" ಅಂತ ಕೇಳಿದೆ. ಅವರು ಗಡಿಯಾರ ನೋಡಿ, "ಇದನ್ನ ಕೇಳಕೋತ ಅರವತ್ತ ವರ್ಷ ಕೋರ್ಟ್ ನಡದಾವವಾ, ಇನ್ನ ಹತ್ತ ಮಿನಿಟಿನಾಗ ನಾ ಏನ್ ಹೇಳ್ಲಿ?" ಅಂದರು. ಇಡೀ ಕ್ಲಾಸು ನಕ್ಕಿತು. ಆದರೆ ನನಗೆ ಮೊದಲ ಭಾಗವೇ ತಲೆಗೇರಿತ್ತು. ಎರಡನೆಯದು ಪೊಲೀಸರಿಗೆ ಸಂಬಂಧಿಸಿದ್ದು ಅಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಬಾಳಾಸಾಬ ಮಾವನ ಚಹಾದಂಗಡಿಗೆ ಹೋಗಿ ಫಲಕದ ಮೇಲೆ ಬರೆಯಲು ಒಂದು ತುಂಡು ಖಡು ಕೇಳಿದೆ. ಚೌಕಿನ ತರುಣ ಮಂಡಳದ ಫಲಕಕ್ಕೆ ಅವನೇ ಯಜಮಾನ. ಅವನ ನಿಯಮಗಳು ನಿನಗೆ ಗೊತ್ತೇ ಇವೆ: ಬರೆದವರು ಕೆಳಗೆ ಹೆಸರು ಹಾಕಬೇಕು, ಎಡಗಡೆ ಕನ್ನಡದಲ್ಲಿ ಬರೆದದ್ದನ್ನು ಬಲಗಡೆ ಮರಾಠಿಯಲ್ಲೂ ಬರೆಯಬೇಕು, ಸೋಮವಾರದ ತನಕ ಬರೆದವರ ಹೊರತು ಯಾರೂ ಒರೆಸುವಂತಿಲ್ಲ. ಒಂದೇ ಭಾಷೆಯಲ್ಲಿ ಬರೆದು ಜಗಳ ಹಚ್ಚಿದವರನ್ನು ಅವನು ಎಷ್ಟೋ ಕಂಡಿದ್ದಾನೆ.

"ಏನ ಬರಿತಿ? ಹುಟ್ಟಿದಹಬ್ಬನ?"

"ಅಲ್ಲ ಮಾವ. ಹಳ್ಳದ ನೀರಿನ ಸುದ್ದಿ."

"ಬರಿ ಬರಿ. ವಕೀಲ ಆಗಾಕಿ ನೀ."

ಕನ್ನಡದಲ್ಲಿ ಬರೆದೆ: "ರಾವಸಾಹೇಬರ ಗಾಣದ ನೀರು ಹಳ್ಳಕ್ಕೆ ಬೀಳುತ್ತಿದೆ. ಬಟ್ಟೆ ತೊಳೆಯುವವರ ಕೈ ಸುಲಿಯುತ್ತಿವೆ. ದಯವಿಟ್ಟು ಬೇರೆ ವ್ಯವಸ್ಥೆ ಮಾಡಬೇಕು. ನೀಲಮ." ಈಗ ಓದಿದರೂ ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆಮೇಲೆ ಬಲಗಡೆ ಮರಾಠಿ. ಹಾಸ್ಟೆಲಿನಲ್ಲಿ ನಮಗೆ ಹಿಂದಿ ಇತ್ತಲ್ಲ, ಆ ಅಕ್ಷರ ಬರುತ್ತವೆ, ಮನೆಯಲ್ಲಿ ಆಯಿ ಅರ್ಧ ಮರಾಠಿ ಮಾತಾಡುತ್ತಾಳೆ, ಎರಡೂ ಕೂಡಿಸಿದರೆ ಮರಾಠಿ ಬಂದಂತೆಯೇ ಅನ್ನುವುದು ನನ್ನ ಲೆಕ್ಕ. ಗಾಣಕ್ಕೆ ಅವರು ಘಾಣಾ ಅನ್ನುತ್ತಾರೆ. ಕೊನೆಯ ಸ್ವರ ನುಂಗುವುದು ನಮ್ಮೂರ ಬಾಯಿಯ ರೂಢಿ, ನಮ್ಮ ಮನೆಯಲ್ಲಿ ಅದು ಬರೀ ಘಾಣ. ಹಾಗೇ ತಿಳಿದುಕೊಂಡು ಬರೆದೆ: "ರಾವಸಾಹೇಬಾಂಚ್ಯಾ ಘಾಣೀಚೆ ಪಾಣೀ." ಬರೆಯಬೇಕಾದದ್ದು ಘಾಣ್ಯಾಚೆ. ಘಾಣ ಅಂದರೆ ಮರಾಠಿಯಲ್ಲಿ ಹೊಲಸು, ಘಾಣೀಚೆ ಅಂದರೆ ಹೊಲಸಿನ. ನಿಮ್ಮ ಅಜ್ಜನ ಗಾಣದ ನೀರು ಅನ್ನಲು ಹೋಗಿ ನಿಮ್ಮ ಅಜ್ಜನ ಹೊಲಸಿನ ನೀರು ಹಳ್ಳಕ್ಕೆ ಬರುತ್ತಿದೆ ಅಂತ ಊರ ನಡುವೆ ಬರೆದು, ಕೆಳಗೆ ದುಂಡಗೆ ನನ್ನ ಹೆಸರನ್ನೂ ಹಾಕಿದೆ.

ಹಾಕಿ, ಫೋಟೋ ತೆಗೆದು, ನಮ್ಮ ಹಾಸ್ಟೆಲ್ ಗ್ರೂಪಿಗೆ ಕಳಿಸಿದೆ. ಎಷ್ಟು ಜಂಬ ನನಗೆ! ಐದೇ ನಿಮಿಷದಲ್ಲಿ ನಿನ್ನ ಮೆಸೇಜು ಬಂತು: "ಲೇ ನೀಲಿ, ನಿನ್ನ ಮರಾಠಿ ನೀನ ಓದಿ ನೋಡ್ಯೇನ ಬೇ?" ತಪ್ಪನ್ನು ಮೊದಲು ಕಂಡವಳು ನೀನು. ನಿನ್ನದೇ ಅಜ್ಜನ ಹೆಸರು ಅಲ್ಲಿದ್ದರೂ ಮೊದಲು ನನ್ನನ್ನು ಎಚ್ಚರಿಸಿದೆ. ಅದಕ್ಕೂ ನಾನು ನಿನಗೆ ಋಣಿ, ಇವತ್ತಿನ ತನಕ ಹೇಳಿರಲಿಲ್ಲ.

ಓಡುತ್ತ ಚೌಕಿಗೆ ಹೋದೆ. ಅಷ್ಟರಲ್ಲಿ ಅಲ್ಲಿ ಹತ್ತಿಪ್ಪತ್ತು ಮಂದಿ. ಮಂಗಸೂಳಿಯ ಮಲ್ಲಯ್ಯನ ದರ್ಶನಕ್ಕೆ ಹೊರಟಿದ್ದ ಮಿರಜ್ ಕಡೆಯ ಜೀಪೊಂದು ಚಹಾಕ್ಕೆ ನಿಂತಿತ್ತು, ಅದರಲ್ಲಿದ್ದವರೆಲ್ಲ ಇಳಿದು ಮೊಬೈಲು ಎತ್ತಿದ್ದರು. ಅವರಿಗೆ ಎಡಗಡೆಯದು ಓದಲು ಬರದು. ಬಲಗಡೆಯದನ್ನು ದನಿ ತೆಗೆದು ಓದಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಾಳಾಸಾಬ ಮಾವ ಒಳಗಿನಿಂದ ನನ್ನನ್ನು ನೋಡಿ, "ತಂಗೀ, ಒಂದ ಕಾನಾ ತಿಂದಿ, ಊರ ಮಾನಾ ತಿಂದಿ" ಅಂದ. ಕಾನಾ ಅಂದರೆ ನಾನು ನುಂಗಿದ ಆ ದೀರ್ಘದ ಗೀಟು. ನಾನು ಅಳುತ್ತ ಆ ಪದ ತಿದ್ದುವಷ್ಟರಲ್ಲಿ ಫೋಟೋ ಅಥಣಿ ದಾಟಿ ಹೋಗಿತ್ತು.

ಆಯಿ ಮಾತ್ರ ಸಂಜೆ ಸುದ್ದಿ ಕೇಳಿ ಗೋಡೆ ಕಡೆ ಕೈ ತೋರಿಸಿದಳು. ಅಲ್ಲಿ ನಮ್ಮ ಬಾಬಾಸಾಹೇಬರ ಫೋಟೋ. "ನಮ್ಮ ಬಾಬಾ ಅಷ್ಟ ದೊಡ್ಡ ಸಂವಿಧಾನ ಬರದ್ರು, ಒಬ್ಬರೂ ನಗಲಿಲ್ಲ. ನೀ ಮೂರ ಸಾಲ ಬರದಿ, ಜೀಪ ನಿಂದರಿಸಿ ನಗತಾರ." ಹಾಗೆಂದು ತಾನೂ ನಕ್ಕಳು. ಅವತ್ತು ನಮ್ಮ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೊಂದೇ ಸಲ.

(ಇಲ್ಲಿಗೆ ನಿಲ್ಲಿಸಿ ಎರಡು ದಿನವಾಯಿತು, ಇಂಟರ್ನಲ್ ಪರೀಕ್ಷೆ ಇತ್ತು. ವಾಕ್ ಸ್ವಾತಂತ್ರ್ಯದ ಮೇಲೆಯೇ ಹತ್ತು ಮಾರ್ಕಿನ ಪ್ರಶ್ನೆ ಬಂತು. ನಾಲ್ಕು ಪುಟ ಬರೆದೆ. ಪಕ್ಕದ ಹುಡುಗಿ ಗಾಬರಿಯಿಂದ ನನ್ನನ್ನೇ ನೋಡುತ್ತಿದ್ದಳು.)

ಶುಕ್ರವಾರ ನಿಮ್ಮ ಕಾಕಾ ಠಾಣೆಯಲ್ಲಿ ಅರ್ಜಿ ಕೊಟ್ಟರು. ರಾವಸಾಹೇಬರ ಮಾನಹಾನಿ ಆಗಿದೆ, ಬರೆದದ್ದೆಲ್ಲ ಸುಳ್ಳು, ಅದನ್ನು ಮೊಬೈಲಿನಲ್ಲಿ ಹರಡಿದ್ದೂ ನಾನೇ ಅಂತ. ನಾನು ಚಿಕ್ಕೋಡಿಗೆ ಫೋನು ಮಾಡಿ ಸಮಾಧಾನ ಸರ್ ಹತ್ತಿರ ಅತ್ತೆ. ಅವರು ಎರಡು ಬಸ್ಸು ಬದಲಿಸಿ, ಮರುದಿನ ಹತ್ತು ಗಂಟೆಗೆ ಠಾಣೆಯ ಎದುರಿನ ಕ್ಯಾಂಟೀನಿನಲ್ಲಿ ಕೂತಿದ್ದರು. ನನಗೆ ಅವರು ಬಂಧುವಲ್ಲ, ಬಳಗವಲ್ಲ. ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳಿದವಳು, ಅಷ್ಟೇ. ಜಗತ್ತಿನಲ್ಲಿ ಇಂಥವರೂ ಇರುತ್ತಾರೆ ಕೋಮಲ.

"ಅಳೂದ ಬಿಟ್ಟ ಕೇಳು," ಅಂದರು. "ಮಾನಹಾನಿ ಪೊಲೀಸರು ತಾವಾಗಿ ಹಿಡಿಯೂ ಗುನ್ಹೆ ಅಲ್ಲ, ಅದಕ್ಕ ಅವರು ಕೋರ್ಟಿಗೆ ಹೋಗಬೇಕು. ಆದ್ರ ಮೊಬೈಲಿನ್ಯಾಗ ಕಳಿಸೀದಿ. ಅದಕ್ಕ ಈಗ ಐಟಿ ಕಾಯ್ದಾದಾಗ ಅರವತ್ತಾರು ಎ ಐತಿ, ಮೂರ ವರ್ಷದ ತನಕ ಶಿಕ್ಷಾ. ಆ ಕಲಂ ಇರಬೇಕೋ ಬ್ಯಾಡೋ ಅಂತ ದಿಲ್ಲಿಯೊಳಗ ದಾವಾ ನಡದೈತಿ. ಆದ್ರ ಇವತ್ತ ಐತಿ."

"ನಾ ಏನ್ ಮಾಡ್ಲಿ ಸರ್?"

"ಬರದದ್ದರಾಗ ಖರೇ ಎಷ್ಟು, ತಪ್ಪು ಎಷ್ಟು?"

"ಒಂದ ಶಬ್ದ ತಪ್ಪು ಸರ್. ನೀರ ಖರೇ."

"ಹಂಗಾದ್ರ ಶಬ್ದಕ್ಕ ಕ್ಷಮಾ ಕೇಳು. ನೀರಿಗೆ ಕೇಳಬ್ಯಾಡ."

ಹೇಳುವುದು ಸುಲಭ. ಒಳಗೆ ಹೋದರೆ ಪಿಎಸ್‌ಐ ಸಾಹೇಬರು ಹಾಸನದ ಕಡೆಯವರು, ಮರಾಠಿ ಒಂದಕ್ಷರ ಬಾರದು. ಫೋಟೋ ದೊಡ್ಡದು ಮಾಡಿ ಎಡಗಡೆಯದನ್ನು ಎರಡು ಸಲ ಓದಿ, "ಇದ್ರಲ್ಲಿ ಬೈಗುಳ ಎಲ್ಲಿದೆ ಸ್ವಾಮಿ? ದಯವಿಟ್ಟು ಅಂತ ಬೇರೆ ಬರ್ದಿದಾಳೆ" ಅಂದರು.

ಕಾಕಾ ಮೇಜಿನ ಮೇಲೆ ಬಗ್ಗಿ, "ಈ ಕಡೆ ಓದ್ರಿ ಸಾಹೇಬ್ರ, ಈ ಕಡೆ!"

"ಈ ಕಡೆ ನಂಗೆ ಓದಕ್ ಬರಲ್ಲ. ನೀವೇ ಓದಿ."

ಕಾಕಾ ಬಾಯಿ ತೆರೆದರು. ಅವರಿಗೆ ತಮ್ಮ ಅಪ್ಪನ ಹೆಸರಿನ ಜೊತೆ ಆ ಪದವನ್ನು ತಮ್ಮ ಬಾಯಿಂದ ಹೇಳಲಾಗಲಿಲ್ಲ. ಮುಖ ಕೆಂಪಾಯಿತು. ನನಗೆ ಮೊದಲ ಸಲ, ನಿಜವಾಗಿಯೂ ಮೊದಲ ಸಲ, ನಾನು ಏನು ಮಾಡಿದ್ದೇನೆ ಅನ್ನುವುದು ತಿಳಿದದ್ದು ಆಗ. ಅಲ್ಲಿಯ ತನಕ ಅದು ನನಗೆ ಒಂದು ವ್ಯಾಕರಣದ ತಪ್ಪಾಗಿತ್ತು.

ಆಮೇಲೆ ಅವರು ಟೈಪು ಮಾಡಿಸಿಕೊಂಡು ಬಂದ ಕಾಗದ ಹೊರಗೆ ತೆಗೆದರು. "ಸದರಿ ಫಲಕದಲ್ಲಿ ನಾನು ಬರೆದಿರುವ ಎಲ್ಲ ವಿಷಯವೂ ಸುಳ್ಳಾಗಿದ್ದು, ಇನ್ನು ಮುಂದೆ ಯಾವುದೇ ಸಾರ್ವಜನಿಕ ಬರಹ ಬರೆಯುವುದಿಲ್ಲವೆಂದು" ಇತ್ಯಾದಿ. ಸಹಿ ಮಾಡಿದರೆ ಅರ್ಜಿ ವಾಪಸ್ಸು. ಸರ್ ತಲೆ ಅಲ್ಲಾಡಿಸಿದರು. "ಎಲ್ಲ ವಿಷಯ ಅಂತ ಯಾಕ? ಒಂದ ಶಬ್ದ ಅಂತ ಮಾಡ್ರಿ." ಕಾಕಾ ಒಪ್ಪಲಿಲ್ಲ. "ನೀರೂ ಸುಳ್ಳ ಐತಿ. ನಮ್ಮ ನೀರು ನಮ್ಮ ಗುಂಡಿಗಿ ಹೋಗತೈತಿ. ಯಾರ ನೋಡ್ಯಾರ? ಬಾಳಾಸಾಬ ಬಂದ ನೋಡ್ಯಾನ, ರವದಿ ಬಿಟ್ಟ ಏನೈತಿ ಅಲ್ಲಿ?"

ಪಿಎಸ್‌ಐ ನನ್ನನ್ನು ಕೇಳಿದರು: "ನೀರು ಬಿಡ್ತಾರೆ ಅಂತ ನಿಂಗ್ಯಾರಮ್ಮ ಹೇಳಿದ್ದು?"

ನಾನು ಸುಮ್ಮನೆ ನಿಂತೆ. ಇನ್ನೊಮ್ಮೆ ಕೇಳಿದರು. ಆಗಲೂ ಸುಮ್ಮನೆ.

ಅವ್ವ ಹಿಂದಿನಿಂದ ಸೆರಗು ಬಾಯಿಗೆ ಹಿಡಿದು, "ಹಾಕವ್ವಾ ಸಹಿ. ನೀರ ಏನ ಹರಕೊಂಡ ಹೋಗತೈತಿ" ಅಂದಳು. ಕೋಮಲ, ನಾನು ಪೆನ್ನು ತೆಗೆದುಕೊಂಡೆ. ಸರ್ ಕಿಟಕಿಯ ಹೊರಗೆ ನೋಡಿದರು. "ನೀ" ಅಂತ ಬರೆದೂ ಆಗಿತ್ತು. ಆಗ ನಿಮ್ಮ ಜೀಪು ಬಂತು.

ನೀನು ಅಜ್ಜನನ್ನು ಕೈ ಹಿಡಿದು ಮೆಟ್ಟಿಲು ಹತ್ತಿಸಿದ್ದು ನನ್ನ ಕಣ್ಣಿಗೆ ಕಟ್ಟಿದೆ. ಮೂರು ದಿನದಿಂದ ಮನೆ ಬಿಟ್ಟು ಹೊರಗೆ ಬರದವರನ್ನು ಏನು ಹೇಳಿ ಹೊರಡಿಸಿದೆ ನೀನು? ಕುರ್ಚಿಯಲ್ಲಿ ಕೂತು, ತಲೆಯ ಪಟಗಾ ಸರಿ ಮಾಡಿಕೊಂಡು, ಅವರು ನನ್ನ ಮುಖ ನೋಡಿ, "ಅರವತ್ತ ವರ್ಷ ಗಾಣ ನಡಸೇನಿ ತಂಗಿ. ನಿನ್ನೆ ಮಿರಜಿಂದ ಬೀಗರು ಫೋನ್ ಮಾಡಿ ನಕ್ಕರು" ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಕಾಲು ಮುಟ್ಟಿದೆ. ಆ ಶಬ್ದ ನನಗೆ ಗೊತ್ತಿರಲಿಲ್ಲ ಅಜ್ಜಾ, ಅಂದೆ. ಆ ನಿರ್ಬಂಧ ಪೊಲೀಸರಿಗೆ ಸಂಬಂಧಿಸಿದ್ದು ಅಂದುಕೊಂಡಿದ್ದೆನಲ್ಲ, ಅದು ಯಾರಿಗಾಗಿ ಬರೆದದ್ದೋ ಅವರೇ ನನ್ನೆದುರು ಕೂತಿದ್ದರು.

ಆಗ ನೀನು ಮಾಡಿದ ಕೆಲಸಕ್ಕೆ ನಾನು ಜೀವಮಾನವಿಡೀ ಧನ್ಯವಾದ ಹೇಳಿದರೂ ಸಾಲದು. "ಅಜ್ಜಾ, ನೀ ಮರಾಠಿ ಸಾಲಿ ಕಲತಾಂವ, ಬಲಗಡೆದ್ದಷ್ಟ ಓದೀದಿ. ಎಡಗಡೆದ್ದ ನಾ ಓದ್ತೀನಿ, ಕೇಳು" ಅಂದೆ. ಓದಿದೆ. ಮೂರು ದಿನ ಊರೆಲ್ಲ ಆ ಫಲಕದ ಮಾತಾಡಿದ್ದರೂ ಅದರ ಕನ್ನಡ ಅರ್ಧವನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ. ಪಿಎಸ್‌ಐ ಸಾಹೇಬರಿಗೆ ಬಲಗಡೆಯದು ಗೊತ್ತಿಲ್ಲ, ಅಜ್ಜನಿಗೆ ಎಡಗಡೆಯದು. ಎರಡನ್ನೂ ಓದಬಲ್ಲ ಕಾಕಾ ಎರಡನ್ನೂ ಹೇಳಿರಲಿಲ್ಲ.

"ಕೈ ಸುಲೀತಾವು ಅಂತ ಬರದಾಳೇನ?" ಅಂತ ಅಜ್ಜ ಕೇಳಿದರು.

"ಹೂಂ ಅಜ್ಜಾ. ದಯವಿಟ್ಟು ಅಂತ ಬರದಾಳ."

"ಅಣ್ಣಾಸಾಬ, ನೀರ ಎಲ್ಲಿಗಿ ಹೋಗತೈತಿ?"

"ಗುಂಡಿಗಿ ಅಪ್ಪಾ. ಸುಳ್ಳ ಹೇಳತಾಳ ಇಕಿ. ಯಾರ ಹೇಳಿದ್ರು ಅಂದ್ರ ಬಾಯಿ ಬಿಡವೊಲ್ಲಳು."

ಆಗ ನೀನು ಪಿಎಸ್‌ಐ ಕಡೆ ತಿರುಗಿ, "ನೀಲಮ ನನ್ನ ಹೆಸರ ಹೇಳೂದಿಲ್ರಿ. ಅಕಿ ಅಂಥಾಕಿ ಅಲ್ಲ. ಅದಕ್ಕ ನಾನ ಹೇಳ್ತೀನಿ. ಪೈಪ್ ಐತಿ. ರವದಿ ಕೆಳಗ ಹುಗದಾರ. ಅಕಿಗಿ ತೋರಿಸಿದಾಕಿ ನಾನ" ಅಂದೆ.

ಅಜ್ಜ ನನ್ನ "ನೀ" ಇದ್ದ ಆ ಕಾಗದವನ್ನು ಎತ್ತಿ, ನಾಲ್ಕಾಗಿ ಮಡಿಚಿ, ಜೇಬಿಗೆ ಹಾಕಿಕೊಂಡು, "ಅರ್ಜಿ ವಾಪಸ್ ತಗೋತೀವ್ರಿ ಸಾಹೇಬ್ರ" ಅಂದರು. ಪಿಎಸ್‌ಐ ಸಾಹೇಬರಿಗೂ ನಾನು ಋಣಿಯೇ. ದೊಡ್ಡವರು ಕೊಟ್ಟ ಅರ್ಜಿಯೆಂದು ಅವರು ಮೊದಲ ದಿನವೇ ಕೇಸು ದಾಖಲು ಮಾಡಬಹುದಿತ್ತು. ಮಾಡದೆ, ಎರಡೂ ಕಡೆ ಕರೆಸಿ ಕೇಳೋಣ ಅಂದಿದ್ದರು. ನಾವು ಹೊರಡುವಾಗ ನನ್ನ ಸರ್ ಹತ್ತಿರ, "ಈ ಊರಲ್ಲಿ ಕೆಲ್ಸ ಮಾಡ್ಬೇಕಂದ್ರೆ ಮರಾಠಿ ಕಲೀಲೇಬೇಕು ಕಣ್ರೀ" ಅಂದರಂತೆ. ಸರ್, "ನಮ್ಮ ಹುಡಿಗಿಗೂ ಹೇಳ್ರಿ" ಅಂದರಂತೆ.

ಮಧ್ಯಾಹ್ನ ಚೌಕಿನಲ್ಲಿ ನಡೆದದ್ದು ನೀನು ನೋಡಲಿಲ್ಲ. ಅಷ್ಟರಲ್ಲಿ ನಿನ್ನನ್ನು ಮನೆಗೆ ಕರೆದೊಯ್ದಿದ್ದರು. ಅಜ್ಜ ಜೀಪು ನಿಲ್ಲಿಸಿ ಫಲಕದ ಮುಂದೆ ನಿಂತರು. ನಾನು ತಿದ್ದಿದ ಶಬ್ದದ ಅಡಿಯಲ್ಲಿ ಹಳೆಯದು ಇನ್ನೂ ಮಸುಕಾಗಿ ಕಾಣುತ್ತಿತ್ತು. "ಅಷ್ಟ ಚೆಂದಂಗ ಅಳಸು" ಅಂದರು. ಒದ್ದೆ ಅರಿವೆಯಿಂದ ಒರೆಸಿ, ಘಾಣ್ಯಾಚೆ ಅಂತ ಹೊಸದಾಗಿ ಬರೆದೆ. ಬಾಳಾಸಾಬ ಮಾವ ಖುಷಿ ಮಾಡಲು ಹೋಗಿ, "ಎಲ್ಲಾ ಒರಸೇ ಬಿಡಲೇನ್ರಿ ಸಾವಕಾರ?" ಅಂದ. ಅಜ್ಜ ಅವನನ್ನು ದುರುಗುಟ್ಟಿ ನೋಡಿ, "ಸೋಮವಾರದ ತನಕ ಇರೂ ನಿಯಮ ಐತಿಲ್ಲೋ? ಇರಲಿ. ನನ್ನ ಗಾಣ, ನನ್ನ ನೀರು. ಓದಲಿ ಮಂದಿ" ಅಂದರು.

ಈಗ ಗಾಣದ ಹಿಂದೆ ಗುಂಡಿ ತೋಡಿದ್ದಾರೆ. ಬಾಳಾಸಾಬ ಮಾವನ ಪ್ರಕಾರ ಸೊಂಟದಷ್ಟು ಆಳ, ಇನ್ನೂ ಆಗಬೇಕಂತೆ. ಪೈಪಿನ ಬಾಯಿಗೆ ಗೋಣಿಚೀಲ ತುರುಕಿದ್ದಾರೆ. ನಮ್ಮ ಓಣಿಯ ಹೆಂಗಸರು ಇನ್ನೂ ಧೈರ್ಯ ಸಾಲದೆ ಮೇಲಿನ ದಂಡೆಗೇ ಹೋಗುತ್ತಾರೆ. ನಿಮ್ಮ ಕಾಕಾ ನಮ್ಮ ಓಣಿಯವರನ್ನು ಈ ಸಲ ಕಬ್ಬು ಕಡಿಯಲು ಕರೆದಿಲ್ಲ. ಎಲ್ಲವೂ ಸರಿಹೋಯಿತು ಅಂತ ನಾನು ಸುಳ್ಳು ಹೇಳಲಾರೆ. ಆದರೆ ಆಯಿ ರೊಟ್ಟಿ ಬಡಿಯುತ್ತಿದ್ದಾಳೆ. ನನ್ನ ಹೆಸರಿನ ಮೇಲೆ ಕೇಸಿಲ್ಲ. ನನ್ನ ಮೂರು ಸಾಲು ನನ್ನವಾಗಿಯೇ ಉಳಿದವು. ಮೂರೂ ನಿನ್ನಿಂದ.

ಆಯಿ ಪಕ್ಕದಲ್ಲಿದ್ದಾಗ ನಿನಗೆ ಪತ್ರ ಬರೆಯುತ್ತೇನೆ ಅಂದಿದ್ದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಬಾಳ ಛಲೋ ಹುಡಿಗಿ ಅಕಿ. ಹೊಟ್ಟಿ ತಣ್ಣಗಿರಲಿ ಅಕೀದು. ಕಲತ ದೊಡ್ಡಾಕಿ ಆಗಲಿ. ನಮ್ಮ ಮನಿಗಿ ಬಂದ್ರ ಎಳ್ಳ ಹಚ್ಚಿದ ಭಕ್ರಿ ಮಾಡಿ ಕೊಡ್ತೀನಂತ ಬರಿ." ಬರೆದಿದ್ದೇನೆ. ನಿನ್ನ ಕಾಲೇಜು ನಿಲ್ಲದಿರಲಿ ಅಂತ ನಾನೂ ದಿನಾ ಬೇಡಿಕೊಳ್ಳುತ್ತೇನೆ. ಸಮಾಧಾನ ಸರ್, ನಿನ್ನ ಪರೀಕ್ಷೆಯ ಅರ್ಜಿಯ ವಿಷಯದಲ್ಲಿ ಏನಾದರೂ ಸಹಾಯ ಬೇಕಾದರೆ ಹೇಳಲು ತಿಳಿಸಿದ್ದಾರೆ.

ನಿನ್ನ
ನೀಲಮ

ತಾ. ಕ.: ಮೇಲಿನದನ್ನೆಲ್ಲ ಬರೆದು, ಮಡಿಚಿ, ಲಕೋಟೆಗೆ ಹಾಕಿ, ಮತ್ತೆ ತೆಗೆದಿದ್ದೇನೆ. ನಾನು ನಿನ್ನ ಹೆಸರನ್ನು ಹೇಳಿದ್ದೆ, ಕೋಮಲ. ಠಾಣೆಯಲ್ಲಲ್ಲ, ಅದಕ್ಕಿಂತ ಎರಡು ದಿನ ಮೊದಲು. ಗುರುವಾರ ಸಂಜೆ ನಿಮ್ಮ ಕಾಕಾ ನಮ್ಮ ಮನೆಗೆ ಬಂದಿದ್ದರು. ಬೈಯಲಿಲ್ಲ, ಹೆದರಿಸಲಿಲ್ಲ, ನೀರು ಕೇಳಿ ಕುಡಿದರು. "ಪೈಪಿನ ಸುದ್ದಿ ಯಾರ ಹೇಳಿದ್ರು? ಹೆಸರ ಹೇಳು, ಅರ್ಜಿ ಕೊಡೂದಿಲ್ಲ" ಅಂದರು. ಅವರು ಎರಡನೆಯ ಸಲ ಕೇಳಬೇಕಾಗಲಿಲ್ಲ. ಅರ್ಜಿಯನ್ನೂ ಕೊಟ್ಟರು. ಶನಿವಾರ ನಾನು ಸುಮ್ಮನೆ ನಿಂತದ್ದು ನಿನ್ನನ್ನು ಕಾಪಾಡಲಿಕ್ಕೆ ಅಲ್ಲ. ಹೇಳಬಾರದ್ದನ್ನು ಹೇಳಿ ಆಗಿತ್ತು, ಅದು ಎಲ್ಲರೆದುರು ಹೊರಗೆ ಬರುತ್ತದೆಂದು ಹೆದರಿದ್ದೆ. "ಅಕಿ ಅಂಥಾಕಿ ಅಲ್ಲ" ಅಂತ ನೀನು ಅಂದಾಗ ಕಾಕಾ ನನ್ನನ್ನೇ ನೋಡಿದರು. ಅವರು ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ನೀನು ಜೀಪಿನಿಂದ ಇಳಿಯುವ ಮೊದಲೇ ನಿನ್ನನ್ನು ಹಾರೂಗೇರಿಗೆ ಕಳಿಸುವುದು ಮನೆಯಲ್ಲಿ ತೀರ್ಮಾನವಾಗಿತ್ತಂತೆ, ಬಾಳಾಸಾಬ ಮಾವ ಹೋದ ವಾರ ಹೇಳಿದ. ಹಾಗಾದರೆ ಅದು ನಿನ್ನ ಮಾತಿನಿಂದ ಆದದ್ದಲ್ಲ, ನನ್ನದರಿಂದ. ಯಾವ ಕಲಮಿನಲ್ಲೂ ಅದು ಅಪರಾಧವಲ್ಲ, ನಾನು ಹುಡುಕಿದ್ದೇನೆ.

ಬೈದಾದರೂ ಬರಿ. ಉತ್ತರ ಬೇಗ ಕಳಿಸು.